ರೋಮ್‌ಗೆ ಮೊದಲ ಸಲ, ಅತ್ತೆ ಮಾವನ ಜೊತೆ, ಅದೂ ಆಗಸ್ಟ್‌ನಲ್ಲಿ. ಪ್ಲ್ಯಾನ್ ಸ್ವಲ್ಪ ನೋಡಿ ಹೇಳ್ತೀರಾ?

ಗಂಟುಮೂಟೆ
ಎಲ್ರಿಗೂ ನಮಸ್ಕಾರ. ಆಗಸ್ಟ್ ಎರಡನೇ ವಾರ ರೋಮ್‌ಗೆ ಹೊರಟಿದೀವಿ, ನಾನು, ನಮ್ಮೆಜಮಾನ್ರು, ಅತ್ತೆ, ಮಾವ. ವೀಸಾ ಬಂದಾಯ್ತು, ಫ್ಲೈಟ್ ಬುಕ್ ಆಗಿದೆ, ಹಾಗಾಗಿ "ಆಗಸ್ಟಲ್ಲಿ ಯಾರಾದ್ರೂ ಹೋಗ್ತಾರಾ" ಅನ್ನೋರು ದಯವಿಟ್ಟು ಬೇರೆ ಏನಾದ್ರೂ ಹೇಳಿ, ರಜಾ ಸಿಕ್ಕಿದ್ದೇ ಆಗ. ಇರೋದು ನಾಲ್ಕು ರಾತ್ರಿ, ರೂಮು ಟೆರ್ಮಿನಿ ಸ್ಟೇಷನ್ ಹತ್ರ.

ಸದ್ಯಕ್ಕೆ ಹಾಕ್ಕೊಂಡಿರೋ ಪ್ಲ್ಯಾನ್: ಮೊದಲ ದಿನ ಬೆಳಗ್ಗೆ ಕೊಲೊಸಿಯಂ, ಮಧ್ಯಾಹ್ನ ವ್ಯಾಟಿಕನ್ ಮ್ಯೂಸಿಯಂ, ಸಂಜೆ ಟ್ರೆವಿ ಕಾರಂಜಿ. ಎರಡನೇ ದಿನ ಪೊಂಪೇ ಹೋಗಿ ವಾಪಸ್. ಮೂರನೇ ದಿನ ಫ್ಲಾರೆನ್ಸ್ ಹೋಗಿ ವಾಪಸ್. ನಾಲ್ಕನೇ ದಿನ ರೋಮ್‌ನಲ್ಲಿ ಉಳಿದಿದ್ದೆಲ್ಲ ಮತ್ತೆ ಶಾಪಿಂಗ್.

ಅತ್ತೆಗೆ ಮಂಡಿ ನೋವು, ನಡೀತಾರೆ, ಮೆಟ್ಟಿಲು ಮಾತ್ರ ಕಷ್ಟ. ಮಾವ ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಸೀಸರ್ ಸತ್ತ ಜಾಗ ತೋರಿಸ್ದೆ ಇದ್ರೆ ನಮ್ಮನ್ನ ಬಿಡಲ್ಲ. ಇಬ್ರೂ ಮಾಂಸ, ಮೀನು, ಮೊಟ್ಟೆ ಏನೂ ಮುಟ್ಟಲ್ಲ. ಏನು ತೆಗೀಬೇಕು, ಏನು ಸೇರಿಸ್ಬೇಕು, ಏರ್‌ಪೋರ್ಟಿಂದ ಹೇಗೆ ಬರ್ಬೇಕು, ಎಲ್ಲ ಹೇಳಿ.

ಸವೆದ_ಚಪ್ಪಲಿ
ಇದು ಪ್ಲ್ಯಾನ್ ಅಲ್ಲ ಮೇಡಂ, ಶಿಕ್ಷೆ.

ಕೊಲೊಸಿಯಂ ಮತ್ತೆ ವ್ಯಾಟಿಕನ್ ಒಂದೇ ದಿನ ಇಡ್ಲೇಬೇಡಿ. ಕೊಲೊಸಿಯಂ ಟಿಕೆಟ್ ಅಂದ್ರೆ ಬರೀ ಕೊಲೊಸಿಯಂ ಅಲ್ಲ, ಅದರಲ್ಲೇ ರೋಮನ್ ಫೋರಂ, ಅಂದ್ರೆ ಹಳೇ ರೋಮ್‌ನ ಊರ ನಡುವಿನ ಚೌಕ, ಮತ್ತೆ ಪಕ್ಕದ ಪಾಲಟೈನ್ ಗುಡ್ಡ ಸೇರಿರುತ್ತೆ. ಮೇಷ್ಟ್ರು ಫೋರಂ ಒಳಗೆ ಕಾಲಿಟ್ರೆ ನೀವು ಕರೆದ್ರೂ ಹೊರಗೆ ಬರಲ್ಲ ನೋಡಿ. ಅಲ್ಲಿ ನೆಲಕ್ಕೆ ಹಾಸಿರೋದು ಹಳೇ ಕಾಲದ ದಪ್ಪ ಕಪ್ಪು ಕಲ್ಲು, ಒಂದು ಮೇಲೆ ಒಂದು ಕೆಳಗೆ, ನೆರಳಿಗೆ ಮರ ಹುಡುಕ್ಬೇಕು. ಅದನ್ನ ಮುಗಿಸಿ ಬಿಸಿಲಲ್ಲಿ ಬೆಂದು ಮತ್ತೆ ವ್ಯಾಟಿಕನ್‌ನಲ್ಲಿ ಕಿಲೋಮೀಟರ್‌ಗಟ್ಟಲೆ ಕಾರಿಡಾರ್ ನಡೀತಾರಾ ನಿಮ್ಮತ್ತೆ?

ಪೊಂಪೇ, ಫ್ಲಾರೆನ್ಸ್ ಎರಡರಲ್ಲಿ ಒಂದನ್ನಾದ್ರೂ ಕೈಬಿಡಿ. ನನ್ನ ಕೇಳಿದ್ರೆ ಎರಡನ್ನೂ.

ಅರೆಬೆಂದ_ಅನ್ನ
ಫ್ಲಾರೆನ್ಸ್ ಯಾಕೆ ಬಿಡ್ಬೇಕು? ಫಾಸ್ಟ್ ಟ್ರೈನಲ್ಲಿ ಒಂದೂವರೆ ಗಂಟೆ ಅಷ್ಟೇ. ಇಷ್ಟು ದೂರ ಹೋಗಿ ನೋಡ್ದೆ ಬರೋದು ಯಾವ ನ್ಯಾಯ, ಇನ್ನೊಂದ್ಸಲ ಹೋಗ್ತೀವಿ ಅನ್ನೋ ಗ್ಯಾರಂಟಿ ಯಾರು ಕೊಡ್ತಾರೆ.

ಸವೆದ_ಚಪ್ಪಲಿ
ಟ್ರೈನ್ ಒಂದೂವರೆ ಗಂಟೆನೇ, ಒಪ್ಕೊಂಡೆ. ಬೆಳಗ್ಗೆ ಎದ್ದು ನಾಲ್ಕು ಜನ ರೆಡಿಯಾಗಿ ಸ್ಟೇಷನ್‌ಗೆ ಹೋಗೋದು, ಅಲ್ಲಿ ಇಳಿದ ಮೇಲೆ ಉಫೀಜಿ ಮ್ಯೂಸಿಯಂ ಕ್ಯೂ, ವಾಪಸ್ ಟ್ರೈನ್ ಮಿಸ್ ಆಗುತ್ತೇನೋ ಅನ್ನೋ ಟೆನ್ಷನ್, ಇದನ್ನೆಲ್ಲ ಯಾರು ಲೆಕ್ಕ ಹಾಕ್ತಾರೆ?

ಹುಬ್ಳಿ_ಮಂದಿ
ಮೊದ್ಲ ಟಿಕೆಟ್ ವಿಷಯ ಮುಗಸ್ರಿ, ಊರೂರು ತಿರಗೂದು ಆಮ್ಯಾಲ. ರೋಮ್‌ನಾಗ ಮೂರು ಜಾಗಾ ಮುಂಚಿತ ಬುಕ್ ಮಾಡ್ಲಿಲ್ಲಂದ್ರ ಹೊರಗ ನಿಂತು ಫೋಟೋ ತಕ್ಕೊಂಡು ಬರೂದ ಗತಿ: ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಬೊರ್ಗೀಸ್ ಗ್ಯಾಲರಿ.

ಕೊಲೊಸಿಯಂದು ಅವರ ಸ್ವಂತ ಸೈಟ್‌ನಾಗ 30 ದಿನಾ ಮೊದ್ಲ ತಗೀತಾರ. ಸಾದಾ ಟಿಕೆಟ್ 18 ಯೂರೋ. ಟಿಕೆಟ್ ಮ್ಯಾಲ ಪ್ರತಿಯೊಬ್ರ ಹೆಸ್ರು ಇರ್ತದ, ಗೇಟಿನಾಗ ಪಾಸ್‌ಪೋರ್ಟ್ ನೋಡ್ತಾರ, ಹೆಸ್ರು ಪಾಸ್‌ಪೋರ್ಟಿನಾಗ ಹೆಂಗದನೋ ಹಂಗ ಹಾಕ್ರಿ. 2023ರಿಂದ ಈ ಕಾಯ್ದೆ ಬಂದದ, ಬ್ಲ್ಯಾಕ್‌ನಾಗ ಮಾರೋರ ಕಾಟ ಅಷ್ಟು ಆಗಿತ್ತು. ವ್ಯಾಟಿಕನ್‌ದು 60 ದಿನಾ ಮೊದ್ಲ ಸಿಗ್ತದ, ಟಿಕೆಟ್ 20, ಬುಕಿಂಗ್ ಚಾರ್ಜ್ 5, ಒಟ್ಟು 25. ಬೊರ್ಗೀಸ್‌ನಾಗ ಎರಡು ತಾಸಿನ ಸ್ಲಾಟ್, ಮುಗೀತಂದ್ರ ಹೊರಗ ಕಳಸ್ತಾರ.

ಗಂಟುಮೂಟೆ
ವ್ಯಾಟಿಕನ್ ಸೈಟಲ್ಲಿ ನೋಡಿದೆ, ಬೆಳಗಿನ ಸ್ಲಾಟ್ ಎಲ್ಲ ಬುಕ್ ಆಗಿಹೋಗಿದೆ. ಬೇರೆ ಏಜೆನ್ಸಿ ಸೈಟಲ್ಲಿ ಮೂರು ಪಟ್ಟು ರೇಟಿಗೆ "ಕ್ಯೂ ಇಲ್ಲದೆ ಪ್ರವೇಶ" ಅಂತ ತೋರಿಸ್ತಿದೆ, ತಗೊಳ್ಳಾ?

ಹುಬ್ಳಿ_ಮಂದಿ
ತಗೋಬ್ಯಾಡ್ರಿ. ಸೆಕ್ಯೂರಿಟಿ ಕ್ಯೂ ಎಲ್ಲಾರಿಗೂ ಒಂದ. ಸಂಜೀ ಸ್ಲಾಟ್ ನೋಡ್ರಿ, ಮ್ಯೂಸಿಯಂ ರಾತ್ರಿ 8ರ ತನಕ ಇರ್ತದ, ಕೊನೀ ಎಂಟ್ರಿ 6ಕ್ಕ. ನಾಲ್ಕರ ಸುಮಾರ ಹೊಕ್ಕರ ಟೂರ್ ಗ್ರೂಪ್ ಹೊಂಟಿರ್ತಾವ.

ಮತ್ತ ಒಂದು, ಭಾನುವಾರ ಬಂದ್. ತಿಂಗಳ ಕೊನೀ ಭಾನುವಾರ ಅಷ್ಟ ತಗೀತಾರ, ಅದೂ ಪುಕ್ಕಟ, ಆವತ್ತ ಊರಿಗೆ ಊರ ಬಂದು ಕ್ಯೂ ನಿಂತಿರ್ತದ. ಆಗಸ್ಟ್ 15ನೂ ಬಂದ್.

ಮೌನಿಬಾಬಾ
ವ್ಯಾಟಿಕನ್ ಮ್ಯೂಸಿಯಂನೇ ಬಿಡಿ. ನಿಜವಾಗ್ಲೂ ಹೇಳ್ತಿದೀನಿ.

ಜನ ಹೋಗೋದೇ ಸಿಸ್ಟೀನ್ ಚಾಪೆಲ್ ಚಾವಣಿ ನೋಡೋಕೆ. ಅದಕ್ಕೆ ಅಡ್ಡದಾರಿ ಇಲ್ಲ, ಇಡೀ ಮ್ಯೂಸಿಯಂ ದಾಟ್ಕೊಂಡು ಹೋಗ್ಬೇಕು. ಆಗಸ್ಟಲ್ಲಿ ಆ ಕಾರಿಡಾರ್‌ಗಳಲ್ಲಿ ಗಾಳಿ ಆಡಲ್ಲ, ಮುಂದಿನವರ ಬೆನ್ನು ನೋಡ್ಕೊಂಡೇ ನಡೆಯೋದು. ಚಾಪೆಲ್ ತಲುಪಿದ್ರೆ ಗಾರ್ಡ್‌ಗಳು ಐದೈದು ನಿಮಿಷಕ್ಕೆ "ಸಿಲೆನ್ಸಿಯೋ, ನೋ ಫೋಟೋ" ಅಂತ ಕೂಗ್ತಿರ್ತಾರೆ, ಅವರ ಕೂಗೇ ಅಲ್ಲಿ ದೊಡ್ಡ ಗಲಾಟೆ. ಮಂಡಿ ನೋವಿರೋರಿಗೆ ಯಾಕಿದೆಲ್ಲ. ಸೇಂಟ್ ಪೀಟರ್ಸ್ ಬಸಿಲಿಕಾ ಫ್ರೀ, ಬೆಳಗ್ಗೆ 7ಕ್ಕೆ ತೆಗೀತಾರೆ, ಆ ಹೊತ್ತಿಗೆ ಕ್ಯೂ ಇರಲ್ಲ. ಒಳಗೆ ಬಲಗಡೆ ಮೊದಲನೇದೇ ಮೈಕೆಲೆಂಜೆಲೋನ ಪಿಯೆಟಾ ಶಿಲ್ಪ. ಅಷ್ಟು ಸಾಕು.

ಪುಸ್ತಕದ_ಹುಳ
ಇದನ್ನ ಮಾತ್ರ ನಾನು ಒಪ್ಪಲ್ಲ. ಮಾವ ಹಿಸ್ಟರಿ ಮೇಷ್ಟ್ರು ಅಂತ ಬರೆದಿದಾರೆ, ಅವರಿಗೆ ವ್ಯಾಟಿಕನ್ ಮ್ಯೂಸಿಯಂ ಬೇಡ ಅನ್ನೋದಾ? ಲಾವೊಕೂನ್ ಶಿಲ್ಪ ಅಲ್ಲಿದೆ, 1506ರಲ್ಲಿ ರೋಮ್‌ನ ಒಂದು ದ್ರಾಕ್ಷಿ ತೋಟದಲ್ಲಿ ನೆಲ ಅಗೀವಾಗ ಸಿಕ್ಕಿದ್ದು, ಆಗಷ್ಟೇ ಆಚೆ ಬಂದಿದ್ದನ್ನ ನೋಡೋಕೆ ಮೈಕೆಲೆಂಜೆಲೋನೇ ಹೋಗಿದ್ದ. ರಫಾಯೆಲ್ ಚಿತ್ರ ಬರೆದ ಕೋಣೆಗಳಿವೆ. ನಕ್ಷೆಗಳ ಗ್ಯಾಲರಿ ಅಂತ 120 ಮೀಟರ್ ಉದ್ದದ್ದಿದೆ, ಎರಡೂ ಗೋಡೆ ಮೇಲೆ ಇಟಲಿಯ ಒಂದೊಂದು ಪ್ರಾಂತ್ಯದ ನಕ್ಷೆ, ಜನ ಎಲ್ಲ ಕತ್ತೆತ್ತಿ ಚಿನ್ನದ ಚಾವಣಿ ನೋಡ್ತಾ ಹೋಗ್ತಾರೆ, ಗೋಡೆ ನೋಡೋದೇ ಇಲ್ಲ.

ಇನ್ನು ಸಿಸ್ಟೀನ್ ಬಗ್ಗೆ. ಮೈಕೆಲೆಂಜೆಲೋ ಚಾವಣಿ ಬರೆದಿದ್ದು 1508ರಿಂದ 1512, ಎದುರು ಗೋಡೆಯ 'ಅಂತಿಮ ತೀರ್ಪು' ಅನ್ನೋ ಚಿತ್ರ ಶುರುಮಾಡಿದ್ದು 1536ರಲ್ಲಿ. ಅಷ್ಟರಲ್ಲಿ 1527ರಲ್ಲಿ ರೋಮ್ ಲೂಟಿ ಆಗಿ ಊರೇ ಹಾಳಾಗಿತ್ತು. ಚಾವಣಿ ಮೇಲಿನ ಆಡಮ್‌ನ ನೋಡಿ, ಆಮೇಲೆ ಗೋಡೆ ಮೇಲಿನ ಮೈಗಳನ್ನ ನೋಡಿ, ಆ ತೂಕ, ಆ ಭಯ. ಇದು ಪುಸ್ತಕದಲ್ಲಿ ಗೊತ್ತಾಗಲ್ಲ. ಸುತ್ತ ಗೋಡೆಗೆ ಒರಗಿ ಕಲ್ಲು ಬೆಂಚಿದೆ, ಯಾರಾದ್ರೂ ಎದ್ದ ತಕ್ಷಣ ಅತ್ತೆಯವರನ್ನ ಕೂರಿಸಿ. ಮ್ಯೂಸಿಯಂನಲ್ಲಿ ವೀಲ್‌ಚೇರ್ ಫ್ರೀಯಾಗಿ ಕೊಡ್ತಾರೆ, ನಾಚಿಕೆ ಇಲ್ಲದೆ ಕೇಳಿ.

ಮೌನಿಬಾಬಾ
ನಮ್ಮತ್ತೇನ ವೀಲ್‌ಚೇರಲ್ಲಿ ಕೂರಿಸ್ತೀನಿ ಅಂದ್ರೆ ಅವರೇ ನನ್ನ ಕೂರಿಸ್ಬಿಡ್ತಾರೆ.

ಗಂಟುಮೂಟೆ
😂 ನಮ್ಮನೇಲೂ ಅದೇ ಕಥೆ. ಆದ್ರೂ ಮಾವನ ಮುಖ ನೆನೆಸ್ಕೊಂಡು ವ್ಯಾಟಿಕನ್ ಇಟ್ಕೊಳ್ತೀನಿ, ಸಂಜೆ ಸ್ಲಾಟ್ ನೋಡ್ತೀನಿ. ಪೊಂಪೇ ಬಗ್ಗೆ ಹೇಳಿ.

ಕಡಲತಡಿ
ಪೊಂಪೇ ಆಗಸ್ಟಲ್ಲಿ ಬೇಡ ಮಾರಾಯ್ರೆ. ನೇಪಲ್ಸ್ ತನಕ ಫಾಸ್ಟ್ ಟ್ರೈನ್, ಅಲ್ಲಿಂದ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು ಹೋಗ್ಬೇಕು, ಆಮೇಲೆ ಆ ಊರಿನೊಳಗೆ ನೆರಳೇ ಇಲ್ಲ. ಬದಲಿಗೆ ಒಸ್ಟಿಯಾ ಆಂಟಿಕಾಕ್ಕೆ ಹೋಗಿ. ಹಳೇ ರೋಮಿನ ಬಂದರು ಅದು, ಹೊಳೆ ಹೂಳು ತುಂಬಿ ಸಮುದ್ರ ದೂರ ಹೋಯ್ತು, ಜನ ಬಿಟ್ಟು ಹೋದ್ರು. ಪಿರಾಮಿಡೆ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಪೋರ್ಟಾ ಸಾನ್ ಪಾವ್ಲೋ ಅಂತ ಇನ್ನೊಂದು ಸ್ಟೇಷನ್ ಉಂಟು, ಅಲ್ಲಿಂದ ಅರ್ಧ ಗಂಟೆ, ಊರಿನ ಮಾಮೂಲಿ ಒಂದೂವರೆ ಯೂರೋ ಟಿಕೆಟೇ ಸಾಕು. ದೊಡ್ಡ ದೊಡ್ಡ ಪೈನ್ ಮರ, ನೆರಳು, ಜನ ಕಡಿಮೆ.

ಅಲ್ಲಿ ಥಿಯೇಟರಿನ ಹಿಂದೆ ಒಂದು ಚೌಕ ಉಂಟು, ಸುತ್ತ ವ್ಯಾಪಾರಿಗಳ ಆಫೀಸುಗಳಿದ್ದ ಜಾಗ. ಪ್ರತಿ ಆಫೀಸಿನ ಎದುರು ನೆಲದಲ್ಲಿ ಕಪ್ಪು ಬಿಳಿ ಚಿಕ್ಕ ಕಲ್ಲು ಜೋಡಿಸಿ ಮಾಡಿದ ಬೋರ್ಡು. ಯಾವ ಊರಿನವರು, ಏನು ತರಿಸ್ತಾರೆ ಅಂತ. ಒಂದರಲ್ಲಿ ಆನೆ, ಅದು ಆಫ್ರಿಕಾದ ಸಬ್ರಾಥಾದವರದ್ದು. ಇನ್ನೊಂದರಲ್ಲಿ ಎರಡು ಹಡಗು, ನಡುವೆ ದೀಪಸ್ತಂಭ. ಹೋಟೆಲಿನ ಕೌಂಟರ್, ಸಾಲಾಗಿ ಕೂರುವ ಪಬ್ಲಿಕ್ ಕಕ್ಕಸು, ಎಲ್ಲಾ ಹಾಗೇ ಉಂಟು. ಸೋಮವಾರ ರಜೆ, ಅದೊಂದು ನೆನಪಿಟ್ಟುಕೊಳ್ಳಿ.

ಅರೆಬೆಂದ_ಅನ್ನ
ಪೊಂಪೇಗೂ ಒಸ್ಟಿಯಾಗೂ ಹೋಲಿಕೆನಾ? ಒಂದು ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಬೂದಿಲಿ ಒಂದೇ ಏಟಿಗೆ ಮುಚ್ಚಿಹೋಗಿದ್ದು, ಗೋಡೆ ಮೇಲಿನ ಚಿತ್ರ ಸಮೇತ ಉಳಿದಿದೆ. ಇನ್ನೊಂದು ನಿಧಾನಕ್ಕೆ ಖಾಲಿ ಆಗಿದ್ದು.

ಕಡಲತಡಿ
ಹೋಲಿಕೆ ಮಾಡಿದ್ದು ಯಾರು? ಮಂಡಿನೋವಿನ ಅತ್ತೆಯನ್ನು ಕರ್ಕೊಂಡು ಯಾವುದು ಆಗ್ತದೆ ಅಂತ ಹೇಳಿದ್ದು.

ಲೆಕ್ಕಾಚಾರ
ಏರ್‌ಪೋರ್ಟ್ ವಿಷಯ ಯಾರೂ ಹೇಳ್ಲಿಲ್ಲ. ಫಿಯುಮಿಚಿನೋದಿಂದ ಟೆರ್ಮಿನಿಗೆ ಲಿಯೊನಾರ್ಡೋ ಎಕ್ಸ್‌ಪ್ರೆಸ್, 32 ನಿಮಿಷ, ತಲಾ 14 ಯೂರೋ. ನಾಲ್ಕು ಜನಕ್ಕೆ 56. ಏರ್‌ಪೋರ್ಟಿಂದ ಹಳೇ ಕೋಟೆಗೋಡೆ ಒಳಗಿನ ಯಾವ ವಿಳಾಸಕ್ಕಾದ್ರೂ ಬಿಳಿ ಟ್ಯಾಕ್ಸಿಗೆ ನಗರಸಭೆಯೇ ನಿಗದಿ ಮಾಡಿರೋ ರೇಟಿದೆ, 2024ರಿಂದ 55, ನಾಲ್ಕು ಜನ, ಲಗೇಜು ಎಲ್ಲ ಸೇರಿ. ನೀವು ನಾಲ್ಕೇ ಜನ, ಸೂಟ್‌ಕೇಸ್ ಎಳ್ಕೊಂಡು ಟ್ರೈನ್ ಹತ್ತೋದ್ರಲ್ಲಿ ಅರ್ಥ ಇಲ್ಲ. ಹತ್ತೋ ಮುಂಚೆ "ಫಿಕ್ಸೆಡ್ ರೇಟ್" ಅಂತ ಕೇಳಿ ಹತ್ತಿ. ಅರೈವಲ್ ಬಾಗಿಲಲ್ಲೇ ಬಂದು "ಟ್ಯಾಕ್ಸಿ ಟ್ಯಾಕ್ಸಿ" ಅಂತ ಕಿವಿಯಲ್ಲಿ ಊದೋರ ಹಿಂದೆ ಹೋಗ್ಬೇಡಿ, ಹೊರಗೆ ಕ್ಯೂ ಇರುತ್ತೆ ಅಲ್ಲೇ ನಿಲ್ಲಿ.

ಊರೊಳಗೆ ಮೆಟ್ರೋ ಬಸ್ಸು ಎರಡಕ್ಕೂ ಟಿಕೆಟ್ 1.50, 100 ನಿಮಿಷ ನಡೆಯುತ್ತೆ, ಆದ್ರೆ ಮೆಟ್ರೋ ಒಂದೇ ಸಲ. ಕಾರ್ಡ್ ನೇರವಾಗಿ ಮೆಷಿನ್‌ಗೆ ತಾಗಿಸಿದ್ರೂ ಆಗುತ್ತೆ, ಒಬ್ಬೊಬ್ರಿಗೆ ಒಂದೊಂದು ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡಲ್ಲಿ ನಾಲ್ಕು ಜನ ಹೋಗೋಕಾಗಲ್ಲ.

ಹೋಟೆಲಲ್ಲಿ ಸಿಟಿ ಟ್ಯಾಕ್ಸ್ ಅಂತ ಬೇರೆ ತಗೋತಾರೆ, ತಲೆಗಿಷ್ಟು ರಾತ್ರಿಗಿಷ್ಟು, ಸ್ಟಾರ್ ಹೆಚ್ಚಾದಷ್ಟೂ ಹೆಚ್ಚು. ಬುಕಿಂಗಲ್ಲಿ ಸಾಮಾನ್ಯವಾಗಿ ಸೇರಿರಲ್ಲ. ಮೋಸ ಅಂತ ಜಗಳ ಆಡ್ಬೇಡಿ, ಅದು ಕಾನೂನು.

ಚಿಲ್ಲರೆ_ಇಲ್ಲ
64ನೇ ನಂಬರ್ ಬಸ್ಸು. ಟೆರ್ಮಿನಿಯಿಂದ ಸೇಂಟ್ ಪೀಟರ್ಸ್ ಕಡೆ ಹೋಗೋದು. ಜೇಬುಗಳ್ಳರಿಗೆ ಫೇಮಸ್. ಪ್ಯಾಂಟಿನ ಹಿಂದಿನ ಜೇಬಲ್ಲಿ ಪರ್ಸ್ ಇಡೋ ಅಭ್ಯಾಸ ಮಾವನೋರಿಗಿದ್ರೆ ಮೊದ್ಲು ಅದನ್ನ ಬಿಡಿಸಿ.

ಪುಸ್ತಕದ_ಹುಳ
ಅದ್ರ ಜೊತೆ, ಕೈಗೆ ದಾರ ಕಟ್ಟೋಕೆ ಬರೋರು, ಗುಲಾಬಿ ಕೊಡೋರು, ಸಹಿ ಹಾಕಿ ಅಂತ ಪೇಪರ್ ಹಿಡ್ಕೊಂಡು ಬರೋರು, ಕೊಲೊಸಿಯಂ ಮುಂದೆ ಕೆಂಪು ಬಟ್ಟೆ ತೊಟ್ಟ ಗ್ಲಾಡಿಯೇಟರ್‌ಗಳು. ಯಾರ ಜೊತೆನೂ ಮಾತಿಗೆ ನಿಲ್ಬೇಡಿ. ನಮ್ಮ ಹಿರಿಯರಿಗೆ ಯಾರಾದ್ರೂ ನಗ್ತಾ ಬಂದು ಮಾತಾಡಿಸಿದ್ರೆ ಮುಖ ತಿರುಗಿಸೋಕೆ ಮನಸ್ಸು ಬರಲ್ಲ, ಅದನ್ನೇ ಅವರು ನೋಡ್ತಿರ್ತಾರೆ. ಹೊರಡೋ ಮುಂಚೆನೇ ಹೇಳಿಟ್ಟಿರಿ.

ಬೆಳದಿಂಗಳು
ಅತ್ತೆ ಮಾವನ ಊಟದ ಬಗ್ಗೆ ನಾನು ಹೇಳ್ತೀನಿ, ನಮ್ಮಮ್ಮನ ಕರ್ಕೊಂಡು ಹೋದಾಗ ಇದನ್ನೆಲ್ಲ ಒಂದೊಂದಾಗಿ ವಿಚಾರಿಸಿ ಇಟ್ಕೊಂಡಿದ್ದೆ.

ಮೊಟ್ಟೆ ಬೇಡ ಅಂದ್ರೆ ಪಾಸ್ತಾದಲ್ಲೇ ಹುಷಾರಾಗಿರ್ಬೇಕು. ಒಣಗಿದ ಪಾಸ್ತಾ, ಅಂದ್ರೆ ಸ್ಪಗೆಟ್ಟಿ, ರಿಗಟೋನಿ, ಪೆನ್ನೆ, ಇವು ಬರೀ ಗೋಧಿ ರವೆ, ನೀರು. ಫ್ರೆಶ್ ಪಾಸ್ತಾ, ಫೆಟ್ಟುಚಿನೆ, ರವಿಯೋಲಿ, ಲಸಾನ್ಯ, ಇದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿ ಕಲಸಿರ್ತಾರೆ. ರೋಮ್‌ನಲ್ಲಿ ಎಲ್ರೂ ತಿನ್ನಿ ಅನ್ನೋ ಕಾಚೋ ಎ ಪೆಪೆಗೂ (ಚೀಸ್, ಕಾಳುಮೆಣಸಿನ ಪಾಸ್ತಾ) ಎಷ್ಟೋ ಕಡೆ ಟೊನ್ನರೆಲ್ಲಿ ಅನ್ನೋ ಮೊಟ್ಟೆ ಪಾಸ್ತಾನೇ ಹಾಕೋದು, ಸ್ಪಗೆಟ್ಟಿಲಿ ಮಾಡ್ಕೊಡಿ ಅಂತ ಕೇಳಿ. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿ ಕೆನ್ನೆ ಮಾಂಸ, ಆ ಕಡೆ ನೋಡ್ಲೇಬೇಡಿ. ಅರಬಿಯಾಟಾ ತಗೊಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚೆನ್ನಾಗಿ ಖಾರ ಇರುತ್ತೆ. ಪಿತ್ಸಾ ಮರಿನಾರಾದಲ್ಲಿ ಚೀಸೂ ಇರಲ್ಲ.

ಬೆಳಗಿನ ತಿಂಡಿಗೆ ಕೊಡೋ ಕೊರ್ನೆಟ್ಟೋ ಬನ್ನಲ್ಲಿ ಮೊಟ್ಟೆ, ತಿರಮಿಸು ಅನ್ನೋ ಸಿಹೀಲಿ ಮೊಟ್ಟೆ. ಜೆಲಾಟೋದಲ್ಲಿ, ಅಂದ್ರೆ ಅಲ್ಲಿನ ಐಸ್‌ಕ್ರೀಮಲ್ಲಿ, ಕ್ರೀಮ್ ಫ್ಲೇವರ್‌ಗಳಿಗೆ ಮೊಟ್ಟೆಯ ಹಳದಿ ಹಾಕಿರ್ಬಹುದು, ನಿಂಬೆ, ಸ್ಟ್ರಾಬೆರಿ ಥರದ ಹಣ್ಣಿನ ಸೊರ್ಬೆಟ್ಟೋ ಸೇಫ್.

ಅರೆಬೆಂದ_ಅನ್ನ
ಕುಂಬಳ ಹೂವಿನ ಬಜ್ಜಿ ಸಿಗುತ್ತೆ, ಫಿಯೋರಿ ದಿ ಜುಕ್ಕಾ ಅಂತ. ಅತ್ತೆಗೆ ಖಂಡಿತ ಇಷ್ಟ ಆಗುತ್ತೆ.

ಬೆಳದಿಂಗಳು
ಅಯ್ಯೋ ಅದು ಬೇಡ! ಒಳಗೆ ಮೊಝರೆಲ್ಲಾ ಜೊತೆ ಆಂಚೊವಿ ಮೀನಿಟ್ಟು ಕರೀತಾರೆ. ಸುಪ್ಲಿ ಅಂತ ಅನ್ನದ ಬೋಂಡಾ ಸಿಗುತ್ತೆ, ಹಳೇ ಪದ್ಧತಿದ್ರಲ್ಲಿ ಮಾಂಸದ ಸಾಸ್ ಇರುತ್ತೆ. ನೋಡೋಕೆ ನಮ್ಮ ತಿಂಡಿ ಥರ ಕಾಣೋದೇ ಅಲ್ಲಿ ಅಪಾಯ.

ಹುಬ್ಳಿ_ಮಂದಿ
ಪೆಕೊರಿನೋ ಚೀಸ್‌ದೂ ಹೇಳಿಬಿಡ್ರಿ. ಕುರಿಮರಿ ಹೊಟ್ಟೀಯಿಂದ ತಗದ ರೆನೆಟ್, ಅಂದ್ರ ಹಾಲು ಹೆಪ್ಪಾಗಿಸೂ ರಸ, ಹಾಕಿ ಮಾಡ್ತಾರ. ಪಾರ್ಮೆಸಾನ್‌ನಾಗೂ ರೆನೆಟ್ ಕರುವಿಂದ.

ಮೌನಿಬಾಬಾ
ಅಷ್ಟು ಆಳಕ್ಕೆ ಇಳಿದ್ರೆ ಪಾಪ ಅವರು ಬ್ರೆಡ್ಡು ನೀರು ತಿಂದ್ಕೊಂಡು ಬರ್ಬೇಕಾಗುತ್ತೆ.

ಹುಬ್ಳಿ_ಮಂದಿ
ಹೇಳೂದು ನಮ್ಮ ಕೆಲಸ, ತಿನ್ನೂದು ಬಿಡೂದು ಅವರಿಗೆ ಬಿಟ್ಟದ್ದು. ಗೊತ್ತಿಲ್ದ ತಿಂದು ಆಮ್ಯಾಲ ಗೊತ್ತಾದ್ರ ಹಿರೇರಿಗೆ ಸಂಕಟ ಆಗ್ತದ.

ಗಂಟುಮೂಟೆ
ಅತ್ತೆಗೆ ಚೀಸ್ ಬೇಡ ಅಂದ್ರೂ ನಡಿಯುತ್ತೆ, ಮಾವಂಗೆ ಕೇಳಿ ತಿಳ್ಕೊಂಡು ಹೇಳ್ತೀನಿ. ಬೆಳದಿಂಗಳು ಅವರೇ, ಇದನ್ನ ಪ್ರಿಂಟ್ ಹಾಕ್ಸಿ ಇಟ್ಕೊಳ್ತೀನಿ. ಒಂದು ಚಟ್ನಿಪುಡಿ ಡಬ್ಬಿ ಹೇಗೂ ಇರುತ್ತೆ. ಸೀಸರ್ ಕಥೆ ಏನು? ಫೋರಂನಲ್ಲೇ ಅಲ್ವಾ?

ಅರೆಬೆಂದ_ಅನ್ನ
ಹೌದು, ಫೋರಂ ಒಳಗೆ, ಸೆನೆಟ್ ಕಟ್ಟಡ ಇನ್ನೂ ನಿಂತಿದೆಯಲ್ಲ ಅದೇ.

ಪುಸ್ತಕದ_ಹುಳ
ಅಲ್ಲ ಸ್ವಾಮಿ. ಮೇಷ್ಟ್ರ ಮುಂದೆ ಹೀಗೆ ಹೇಳಿದ್ರೆ ನಿಮ್ಮನ್ನ ಬೆಂಚ್ ಮೇಲೆ ನಿಲ್ಲಿಸ್ತಾರೆ. ಕ್ರಿ.ಪೂ. 44ರ ಮಾರ್ಚ್‌ನಲ್ಲಿ ಸೆನೆಟ್ ಸಭೆ ಸೇರಿದ್ದು ಫೋರಂನಲ್ಲಲ್ಲ, ಪಾಂಪೆ ಅನ್ನೋ ಸೇನಾಪತಿ ಕಟ್ಟಿಸಿದ್ದ ಥಿಯೇಟರ್ ಆವರಣದ ಸಭಾಂಗಣದಲ್ಲಿ. ಅದರ ಅವಶೇಷದ ಒಂದು ಭಾಗ ಈಗ ಲಾರ್ಗೋ ಅರ್ಜೆಂಟೀನಾ ಅನ್ನೋ ಚೌಕದಲ್ಲಿದೆ, ಸುತ್ತ ಬಸ್ಸು ಟ್ರಾಫಿಕ್ಕು, ಮಧ್ಯೆ ತಗ್ಗಿನಲ್ಲಿ ನಾಲ್ಕು ಹಳೇ ದೇವಸ್ಥಾನ. ಬೀದಿಯಿಂದಲೇ ಕಂಬಿ ಹಿಡ್ಕೊಂಡು ನೋಡ್ಬಹುದು, ದುಡ್ಡು ಕೊಡೋದಿಲ್ಲ, ಮೆಟ್ಟಿಲು ಇಳಿಯೋದಿಲ್ಲ. 2023ರಿಂದ ಟಿಕೆಟ್ ತಗೊಂಡು ಒಳಗೆ ಇಳಿದು ನಡೆಯೋ ದಾರಿನೂ ಮಾಡಿದಾರೆ. ಅಲ್ಲೇ ಅನಾಥ ಬೆಕ್ಕುಗಳ ಆಶ್ರಮ ಇದೆ, ಕಲ್ಲು ಕಂಬದ ಬುಡದಲ್ಲಿ ಬೆಕ್ಕುಗಳು ಮಲಗಿರ್ತವೆ.

ಫೋರಂನಲ್ಲಿರೋದು ಸೀಸರ್‌ನ ಸುಟ್ಟ ಜಾಗ. ಆಮೇಲೆ ಅಲ್ಲೇ ಅವನಿಗೆ ದೇವಸ್ಥಾನ ಕಟ್ಟಿದ್ರು. ಈಗ ಉಳಿದಿರೋದು ಒಂದು ಶೀಟಿನ ಕೆಳಗೆ ಮಣ್ಣುಬಣ್ಣದ ಗುಡ್ಡೆ, ನೋಡಿದ್ರೆ ಏನೂ ಅನ್ಸಲ್ಲ. ಆದ್ರೆ ಜನ ಈಗ್ಲೂ ಅದರ ಮೇಲೆ ಹೂವು, ಚಿಲ್ಲರೆ ಕಾಸು ಇಟ್ಟು ಹೋಗ್ತಾರೆ. ಮೇಷ್ಟ್ರಿಗೆ ಮೊದಲೇ ಹೇಳ್ಬೇಡಿ, ಅವರೇ ಕಂಡುಹಿಡೀಲಿ.

ಕಡಲತಡಿ
ಅತ್ತೆಗೆ ಫೋರಂ ಒಳಗೆ ಇಳಿಯೋದು ಕಷ್ಟ ಆದ್ರೆ ಕ್ಯಾಂಪಿಡೋಲಿಯೋ ಗುಡ್ಡದ ಹಿಂಬದಿಗೆ ಕರ್ಕೊಂಡು ಹೋಗಿ, ಅಲ್ಲಿಂದ ಇಡೀ ಫೋರಂ ಕಾಲಡಿಯಲ್ಲಿ ಕಾಣ್ತದೆ, ಫ್ರೀ. ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಮುಂದಿನ ಮೆಟ್ಟಿಲು ಹತ್ತಿಸ್ಬೇಡಿ. ಕೊಲೊಸಿಯಂ ಒಳಗೆ ಲಿಫ್ಟ್ ಉಂಟು, ಸಿಬ್ಬಂದಿಯನ್ನು ಕೇಳಿದ್ರೆ ಬಿಡ್ತಾರೆ.

ಮೌನಿಬಾಬಾ
ಯಾರೂ ಚರ್ಚ್‌ಗಳ ಹೆಸರೇ ಎತ್ತಿಲ್ವಲ್ಲ? ಆಗಸ್ಟ್ ಮಧ್ಯಾಹ್ನ ರೋಮ್‌ನಲ್ಲಿ ಬದುಕೋ ದಾರಿನೇ ಅದು. ತಂಪು, ಕೂರೋಕೆ ಜಾಗ, ಟಿಕೆಟ್ ಇಲ್ಲ, ಬೇರೆ ಊರಲ್ಲಾಗಿದ್ರೆ ಮ್ಯೂಸಿಯಂ ಕಟ್ಟಿ ಇಡ್ತಿದ್ದ ಮಾಲು ಗೋಡೆ ಮೇಲೆ. ಸಾನ್ ಲುಯಿಜಿ ದೇಯಿ ಫ್ರಾಂಚೇಸಿಗೆ ಹೋಗಿ, ಎಡಗಡೆ ಕೊನೇ ಗೂಡಲ್ಲಿ ಕಾರವಾಜ್ಜೋನ ಮೂರು ಚಿತ್ರ. ಕತ್ತಲಾಗಿರುತ್ತೆ, ಪಕ್ಕದ ಡಬ್ಬಿಗೆ ಕಾಯಿನ್ ಹಾಕಿದ್ರೆ ಟಕ್ ಅಂತ ಲೈಟ್ ಹತ್ತುತ್ತೆ, ಒಂದಷ್ಟು ಹೊತ್ತಿಗೆ ಆರಿಹೋಗುತ್ತೆ. ಜಾಣರು ಬೇರೆಯವರು ಕಾಯಿನ್ ಹಾಕೋ ತನಕ ಕಂಬಕ್ಕೆ ಒರಗಿ ನಿಂತಿರ್ತಾರೆ. ಕೊಲೊಸಿಯಂ ಹತ್ರ ಸಾನ್ ಪಿಯೆತ್ರೋ ಇನ್ ವಿಂಕೋಲಿ, ಅಲ್ಲಿ ಮೈಕೆಲೆಂಜೆಲೋನ ಮೋಸೆಸ್ ಶಿಲ್ಪ. ನಿಮ್ಮ ರೂಮಿಂದ ನಡೆಯೋ ದೂರದಲ್ಲೇ ಸಾಂತಾ ಮರಿಯಾ ಮಜ್ಜೋರೆ, ಐದನೇ ಶತಮಾನದ ಮೊಸಾಯಿಕ್, ಪೋಪ್ ಫ್ರಾನ್ಸಿಸ್ ಸಮಾಧಿನೂ ಅಲ್ಲೇ. ಸಣ್ಣ ಚರ್ಚ್‌ಗಳು ಮಧ್ಯಾಹ್ನ ಬಾಗಿಲು ಹಾಕ್ತವೆ, ಟೈಮ್ ನೋಡ್ಕೊಂಡು ಹೋಗಿ.

ಭುಜ, ಮಂಡಿ ಮುಚ್ಚಿರ್ಬೇಕು, ಸೇಂಟ್ ಪೀಟರ್ಸ್‌ನಲ್ಲಂತೂ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಅತ್ತೆ ಸೀರೇಲಿ ಇದ್ರೆ ಚಿಂತೆ ಇಲ್ಲ, ನಿಮ್ಮೆಜಮಾನ್ರ ಚಡ್ಡಿದೇ ಚಿಂತೆ.

ಚಿಲ್ಲರೆ_ಇಲ್ಲ
ಪ್ಯಾಂಥಿಯಾನ್ ಅನ್ನೋ ಹಳೇ ರೋಮನ್ ದೇವಸ್ಥಾನ ಮೊದ್ಲು ಫ್ರೀ ಇತ್ತು, 2023ರ ಜುಲೈಯಿಂದ 5 ಯೂರೋ ಮಾಡಿದ್ರು. ಗುಮ್ಮಟದ ನೆತ್ತೀಲಿ ತೂತು, ಮಳೆ ಬಂದ್ರೆ ನೇರ ಒಳಗೆ. ಕೆಳಗೆ ನೆಲದಲ್ಲಿ ಚಿಕ್ಕ ಚಿಕ್ಕ ರಂಧ್ರ ಬಿಟ್ಟಿದಾರೆ ನೀರು ಹೋಗೋಕೆ. 43 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ, ಎರಡು ಸಾವಿರ ವರ್ಷದ ಹತ್ರ ಆಯ್ತು ನಿಂತಿದೆ.

ಲೆಕ್ಕಾಚಾರ
ನೀರಿನ ಬಾಟಲಿಗೆ ದುಡ್ಡು ಹಾಕ್ಬೇಡಿ. ಬೀದಿ ಬೀದಿಲಿ ಸೊಂಟದೆತ್ತರಕ್ಕಿಂತ ಸ್ವಲ್ಪ ದೊಡ್ಡ ಎರಕದ ಕಬ್ಬಿಣದ ನಲ್ಲಿ ಇರುತ್ತೆ, ನಸೋನಿ ಅಂತಾರೆ, ಊರಲ್ಲಿ ಸುಮಾರು 2500 ಇವೆ. ನೀರು ಹಗಲು ರಾತ್ರಿ ಸುರೀತಾನೇ ಇರುತ್ತೆ, ತಣ್ಣಗಿರುತ್ತೆ, ಕುಡಿಯೋದೇ. ಬಗ್ಗೋಕಾಗದವರಿಗೆ ಒಂದು ಉಪಾಯ, ಕೊಳವೆ ಬಾಯಿಗೆ ಬೆರಳು ಒತ್ತಿ ಹಿಡಿದ್ರೆ ಮೇಲಿರೋ ಸಣ್ಣ ತೂತಿಂದ ನೀರು ಕಮಾನಾಗಿ ಮೇಲಕ್ಕೆ ಚಿಮ್ಮುತ್ತೆ. ಜೋರಾಗಿ ಒತ್ತಿದ್ರೆ ಹಿಂದೆ ನಿಂತವರ ಮುಖಕ್ಕೆ.

ಬೆಳದಿಂಗಳು
ಟ್ರೆವಿಗೆ ಸಂಜೆ ಬೇಡ, ಬೆಳಗ್ಗೆ ಆರೂವರೆಗೆ ಹೋಗಿ. ಮತ್ತೆ ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರೋ ಹಾಗಿಲ್ಲ, 2019ರಿಂದ ದಂಡ, 400 ಯೂರೋ ತನಕ ಹಾಕ್ತಾರೆ. ಸುಸ್ತಾಯ್ತು ಅಂತ ಅತ್ತೆ ಅಲ್ಲೇ ಕೂತ್ಬಿಟ್ಟಾರು.

ಗಂಟುಮೂಟೆ
ಹಾಗಾದ್ರೆ ಹೀಗೆ ಮಾಡ್ಲಾ? ಮೊದಲ ದಿನ ಬೆಳಗ್ಗೆ ಬೇಗ ಕೊಲೊಸಿಯಂ, ಫೋರಂ, ಮಧ್ಯಾಹ್ನ ರೂಮಲ್ಲಿ ನಿದ್ದೆ, ಸಂಜೆ ಲಾರ್ಗೋ ಅರ್ಜೆಂಟೀನಾ, ಪ್ಯಾಂಥಿಯಾನ್. ಎರಡನೇ ದಿನ ಬೆಳಗ್ಗೆ 7ಕ್ಕೆ ಸೇಂಟ್ ಪೀಟರ್ಸ್, ನಾಲ್ಕಕ್ಕೆ ಮ್ಯೂಸಿಯಂ. ಮೂರನೇ ದಿನ ಒಸ್ಟಿಯಾ. ನಾಲ್ಕನೇ ದಿನ ಟ್ರೆವಿ, ಚರ್ಚ್, ಶಾಪಿಂಗ್. ಎಜಮಾನ್ರು ಫ್ಲಾರೆನ್ಸ್ ಫ್ಲಾರೆನ್ಸ್ ಅಂತ ಇನ್ನೂ ಗೊಣಗ್ತಿದಾರೆ. ಎರಡನೇ ದಿನ ಬುಧವಾರ ಬೀಳುತ್ತೆ, ಪರವಾಗಿಲ್ವಾ?

ಪುಸ್ತಕದ_ಹುಳ
ಬುಧವಾರ ಬೇಡ. ಬೆಳಗ್ಗೆ ಪೋಪ್ ಸಾರ್ವಜನಿಕ ದರ್ಶನ ಇದ್ರೆ ಬಸಿಲಿಕಾ ಮಧ್ಯಾಹ್ನದ ತನಕ ಮುಚ್ಚಿರ್ತಾರೆ. ಒಸ್ಟಿಯಾ ಬುಧವಾರಕ್ಕೆ ಹಾಕಿ, ವ್ಯಾಟಿಕನ್ ಗುರುವಾರಕ್ಕೆ. ಬಸಿಲಿಕಾ ಗುಮ್ಮಟ ಹತ್ತೋ ಆಸೆ ಇದ್ರೆ ನೀವಿಬ್ರೇ ಹತ್ತಿ, ಒಟ್ಟು 551 ಮೆಟ್ಟಿಲು, ಲಿಫ್ಟ್ ತಗೊಂಡ್ರೂ 320 ಉಳಿಯುತ್ತೆ, ಕೊನೆಕೊನೆಗೆ ಗೋಡೆನೇ ವಾಲಿರುತ್ತೆ, ನೀವೂ ವಾಲ್ಕೊಂಡೇ ಹತ್ಬೇಕು.

ಆಗಸ್ಟ್ 15 ಅವರಿಗೆ ದೊಡ್ಡ ರಜಾ, ಫೆರಗೋಸ್ತೋ. ಸಣ್ಣ ಅಂಗಡಿ, ಹೋಟೆಲು ಎಷ್ಟೋ ಬಾಗಿಲು ಹಾಕಿರ್ತವೆ. ಶಾಪಿಂಗ್ ಆವತ್ತಿಗೆ ಇಡ್ಬೇಡಿ, ಹಿಂದಿನ ದಿನವೇ ಹಣ್ಣು ಬ್ರೆಡ್ಡು ತಂದಿಟ್ಕೊಳ್ಳಿ.

ಅರೆಬೆಂದ_ಅನ್ನ
ಎಜಮಾನ್ರನ್ನ ಒಬ್ರನ್ನೇ ಒಂದಿನ ಫ್ಲಾರೆನ್ಸ್‌ಗೆ ಕಳಿಸಿ. ಅವರೂ ಖುಷಿ, ನೀವೂ.

ಗಂಟುಮೂಟೆ
ಅತ್ತೆ ಮಾವನ್ನ ನನ್ ತಲೆಗೆ ಕಟ್ಟಿ ಅವರು ಒಬ್ರೇ ಹೋಗೋದಾ? ಚೆನ್ನಾಗ್ ಹೇಳಿದ್ರಿ.

ಹುಬ್ಳಿ_ಮಂದಿ
ಕಾಫಿ ಬಗ್ಗೆ ಒಂದು. ಕೌಂಟರ್ ಮುಂದ ನಿಂತು ಕುಡದ್ರ ಒಂದು ರೇಟ್, ಟೇಬಲ್‌ಗೆ ಕುಂತ್ರ ಇನ್ನೊಂದು, ದೊಡ್ಡ ಚೌಕದಾಗ ಆದ್ರ ಎರಡು ಮೂರು ಪಟ್ಟು. ಬಿಲ್ ನೋಡಿ ಬೆಚ್ಚಬ್ಯಾಡ್ರಿ. ಮತ್ತ ಊಟ ಆದ ಮ್ಯಾಲ ಕಾಪುಚಿನೋ ಕೇಳಬ್ಯಾಡ್ರಿ, ಅವರು ಬೆಳಿಗ್ಗೆ ಅಷ್ಟ ಕುಡೀತಾರ.

ಚಿಲ್ಲರೆ_ಇಲ್ಲ
ಯಾಕೆ ಕೇಳ್ಬಾರ್ದು? ದುಡ್ಡು ಕೊಡೋದು ನಾವು, ಹಾಲು ಹಾಕಿದ ಕಾಫಿ ಯಾವಾಗ ಕುಡೀಬೇಕು ಅಂತ ಅವರು ಯಾರು ಹೇಳೋಕೆ?

ಹುಬ್ಳಿ_ಮಂದಿ
ಕೇಳ್ರಿ, ಕೊಡ್ತಾರ. ಮಾರಿ ಒಂಥರಾ ಮಾಡಿ ಕೊಡ್ತಾರ.

ಬೆಳದಿಂಗಳು
ಅತ್ತೆ ಮಾವಂಗೆ ಎಸ್ಪ್ರೆಸ್ಸೋ ಕಹಿ ಆಗುತ್ತೆ ಅಂದ್ರೆ ಲಾಟೆ ಮಕಿಯಾಟೋ ಕೇಳಿ, ಬಿಸಿ ಹಾಲು ಜಾಸ್ತಿ, ಡಿಕಾಕ್ಷನ್ ಸ್ವಲ್ಪ. ಬರೀ "ಲಾಟೆ" ಅಂದ್ರೆ ಲೋಟದ ತುಂಬ ಹಾಲು ಮಾತ್ರ ತಂದಿಡ್ತಾರೆ.

ಮೌನಿಬಾಬಾ
ಅತ್ತೆಗೆ ಅದೇ ಇಷ್ಟ ಆಗ್ಬಹುದು, ತರಿಸ್ಬಿಡಿ.